ಸೋಮವಾರ ಇಲ್ಲ, ಬುಧವಾರ ಇಲ್ಲ

ಸೆಪ್ಟೆಂಬರ್ 5, ಮಂಗಳವಾರ

ಈ ನೋಟ್‌ಬುಕ್ ಕೊಟ್ಟವಳು ಕೌಂಟಿ ಆರೋಗ್ಯ ಇಲಾಖೆಯ ನರ್ಸ್ ಟ್ಯಾಮ್ರಾ. ಸೇದಿದ ಪ್ರತಿಯೊಂದು ಸಿಗರೇಟನ್ನೂ ಬರೆಯಬೇಕಂತೆ. ಎಷ್ಟು ಹೊತ್ತಿಗೆ, ಎಲ್ಲಿ, ಯಾಕೆ. ಮೂವತ್ತೊಂಬತ್ತು ವರ್ಷದಿಂದ ಸೇದುತ್ತಿದ್ದೇನೆ, ಯಾಕೆ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿರಲಿಲ್ಲ. ಮುಂಭಾಗದ ಪುಟಗಳು ಟ್ಯಾಮ್ರಾಗೆ ತೋರಿಸುವುದಕ್ಕೆ. ಪುಸ್ತಕ ತಿರುಗಿಸಿ ಹಿಂದಿನಿಂದ ಬರೆಯುತ್ತಿರುವ ಈ ಪುಟಗಳು ನನಗೆ.

ಸಿಗರೇಟು ಬಿಡಿಸುವ ತರಗತಿಗೆ ನಾನು ಹೋಗಿದ್ದು ಓಪಲ್‌ಗಾಗಿ. ಶಾಲೆಯ ಅಡುಗೆಮನೆಯಲ್ಲಿ ನಾವಿಬ್ಬರೂ ಹತ್ತೊಂಬತ್ತು ವರ್ಷದಿಂದ ಜೊತೆಗಿದ್ದೇವೆ. ಒಲೆ ನನ್ನದು, ಪಾತ್ರೆ ಅವಳದು. ಈಗೀಗ ದೊಡ್ಡ ಹಂಡೆ ಎತ್ತಿದರೆ ಎರಡು ನಿಮಿಷ ಗೋಡೆ ಹಿಡಿದು ನಿಲ್ಲುತ್ತಾಳೆ. ಹೀಗೇ ಸೇದುತ್ತಿದ್ದರೆ ಮುಂದಿನ ಚಳಿಗಾಲ ಮೂಗಿಗೆ ಆಕ್ಸಿಜನ್ ನಳಿಕೆ ಎಂದು ಡಾಕ್ಟರು ಹೇಳಿದ್ದಾರೆ. "ನೀನ್ ಬಂದ್ರೆ ನಾನೂ ಬರ್ತೀನಿ ಕಣೇ ಜಿನೀವಾ, ಇಲ್ಲಾಂದ್ರೆ ಇಲ್ಲ" ಎಂದಳು. ಹಾಗಾಗಿ ಹೋದೆ.

ತರಗತಿ ನಡೆಯುವುದು ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ. ನರ್ಸ್ ಆರೋಗ್ಯ ಇಲಾಖೆಯವಳು, ತೋಳಿಗೆ ಅಂಟಿಸುವ ನಿಕೋಟಿನ್ ಪಟ್ಟಿ ಶಾಲೆಯವರ ವಿಮೆ ಕಂಪನಿಯದು. ಕಂಪನಿಯ ಪರವಾಗಿ ಪ್ರೆಸ್ಟನ್ ಎನ್ನುವವರು ಟೈ ಕಟ್ಟಿಕೊಂಡು ಲೆಕ್ಸಿಂಗ್ಟನ್ ನಗರದಿಂದ ಬಂದಿದ್ದರು. ನೀವು ಹಾಸಿಗೆ ಹಿಡಿದ ಮೇಲೆ ಆಸ್ಪತ್ರೆಗೆ ದುಡ್ಡು ಸುರಿಯುವ ಬದಲು ಈಗಲೇ ಇಲಾಖೆಯ ಜೊತೆ ಕೈ ಜೋಡಿಸಿದ್ದೇವೆ ಎಂದು ಭಾಷಣ ಮಾಡಿದರು. ಓಪಲ್ ನನ್ನ ಕಿವಿಯಲ್ಲಿ, "ಅಂತೂ ನಮ್ ಕೆಮ್ಮು ಲೆಕ್ಸಿಂಗ್ಟನ್‌ವರೆಗೂ ಕೇಳಿಸ್ತು ನೋಡು" ಎಂದಳು.

ಕೊನೆಗೆ ಒಂದು ಸಣ್ಣ ಯಂತ್ರಕ್ಕೆ ಊದಿಸಿದರು. ಉಸಿರಲ್ಲಿರುವ ಹೊಗೆಯ ವಿಷ ಎಷ್ಟೆಂದು ಅದು ತೋರಿಸುತ್ತದೆ. ಆರಕ್ಕಿಂತ ಕಡಿಮೆ ಬಂದರೆ ಸೇದಿಲ್ಲ ಎಂದರ್ಥ. ಓಪಲ್‌ಗೆ ಮೂವತ್ತೊಂದು, ನನಗೆ ಇಪ್ಪತ್ತನಾಲ್ಕು. ಇಬ್ಬರೂ ಸಣ್ಣ ಹುಡುಗಿಯರ ಹಾಗೆ ನಕ್ಕೆವು.

ಇವತ್ತು: ಹತ್ತೊಂಬತ್ತು ಸಿಗರೇಟು.

ಸೆಪ್ಟೆಂಬರ್ 19, ಮಂಗಳವಾರ

ಎಲ್ಲರೂ ಬಿಡುವ ದಿನ. ನೀರು ತುಂಬಿದ ಬಕೆಟ್ಟಿಗೆ ಒಬ್ಬೊಬ್ಬರಾಗಿ ತಮ್ಮ ಪ್ಯಾಕ್ ಹಾಕಿದರು. ಓಪಲ್ ತನ್ನ ಲೈಟರನ್ನೂ ಹಾಕಿದಳು, ಸತ್ತ ಗಂಡ ಕೊಟ್ಟಿದ್ದ ಬೆಳ್ಳಿಯ ಲೈಟರು. ನಾನು ಅರ್ಧ ಪ್ಯಾಕ್ ಹಾಕಿದೆ. ಪೂರ್ತಿ ಪ್ಯಾಕ್ ಒಂದು ಅಪ್ಪನ ಹಳೆಯ ಕೊಟ್ಟಿಗೆಯಲ್ಲಿ, ತೊಲೆಯ ಮೇಲಿದೆ. ಯಾವುದಕ್ಕೂ ಇರಲಿ ಎಂದು.

ಸೆಪ್ಟೆಂಬರ್ 20, ಬುಧವಾರ

ಯಾವುದಕ್ಕೂ ಬೇಕಾಯಿತು. ಅಡುಗೆಮನೆ ಮುಚ್ಚಿ ಮೂರು ಗಂಟೆಗೆ ಕೊಟ್ಟಿಗೆಗೆ ಹೋದೆ. ಒಂದು ಕಾಲಕ್ಕೆ ಅಲ್ಲಿ ಸಾಲುಸಾಲಾಗಿ ಹೊಗೆಸೊಪ್ಪು ತೂಗುತ್ತಿತ್ತು. ನಾನು ಪೂರ್ವ ಕೆಂಟಕಿಯ ಹೊಗೆಸೊಪ್ಪಿನವನ ಮಗಳು. ನನ್ನ ಶಾಲೆಯ ಬೂಟು, ನನ್ನ ಹಲ್ಲಿನ ಡಾಕ್ಟರು, ಎಲ್ಲ ಅದೇ ಸೊಪ್ಪಿನಿಂದ ಬಂದದ್ದು. ಈಗ ಖಾಲಿ ಕೋಲುಗಳು ಮಾತ್ರ ಇವೆ. ತೋಳಿಗೆ ಪಟ್ಟಿ ಅಂಟಿಸಿಕೊಂಡೇ ಮೂರು ಸೇದಿದೆ. ವಿಮೆಯವರ ನಿಕೋಟಿನ್ ತೋಳಿನಿಂದ, ನನ್ನದು ಬಾಯಿಂದ. ತಲೆ ಸುತ್ತಿತು.

ಮುಂಭಾಗದ ಪುಟದಲ್ಲಿ ಟ್ಯಾಮ್ರಾಗೆ ಬರೆದದ್ದು: ಸೊನ್ನೆ.

ಸೆಪ್ಟೆಂಬರ್ 26, ಮಂಗಳವಾರ

ಇದನ್ನು ಬರೆಯುವುದಕ್ಕೂ ನಾಚಿಕೆಯಾಗುತ್ತಿದೆ.

ಭಾನುವಾರ ಮೇಲಿನ ಹಾಲ್‌ನಲ್ಲಿ ಎದ್ದುನಿಂತು ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಿ ರೂಢಿಯಾದ ಜನ ಮಂಗಳವಾರ ನೆಲಮಾಳಿಗೆಯಲ್ಲಿ ಸುಮ್ಮನೆ ಕೂರುತ್ತಾರೆಯೇ. ಮೊದಲು ಕಲ್ಲಿದ್ದಲು ಲಾರಿಯ ಡೆಲ್ಮರ್ ಎದ್ದ. ನಾಲ್ಕು ದಿನ ಬಿಟ್ಟೆ, ಐದನೇ ದಿನ ಬಿದ್ದೆ, ಮತ್ತೆ ಎದ್ದಿದ್ದೇನೆ ಎಂದ. ಎಲ್ಲರೂ ಆಮೆನ್ ಎಂದರು. ಆಮೇಲೆ ಓಪಲ್ ಎದ್ದಳು. ಏಳು ದಿನದಲ್ಲಿ ಎರಡು ಸಲ ಸೇದಿದೆ, ಎರಡು ಸಲವೂ ಅತ್ತೆ ಎಂದಳು. ಅವಳಿಗೂ ಆಮೆನ್.

ಆಮೇಲೆ ಎಲ್ಲರ ಕಣ್ಣೂ ನನ್ನ ಮೇಲೆ. ನಮ್ಮಲ್ಲಿ ಕಣ್ಣು ಬಿದ್ದ ಮೇಲೆ ಕೂತೇ ಇರುವುದಿಲ್ಲ. ಎದ್ದೆ. ನಾನೂ ಹಾಗೇ ಎಂದು ಹೇಳಬೇಕೆಂದಿದ್ದೆ, ದೇವರಾಣೆಗೂ ಅದನ್ನೇ ಹೇಳಬೇಕೆಂದಿದ್ದೆ. ಬಾಯಿಂದ ಬಂದದ್ದು ಬೇರೆ. "ಏಳು ದಿನ. ಒಂದು ದಮ್ಮೂ ಇಲ್ಲ. ಬಕೆಟ್ಟಿಗೆ ಹಾಕಿದ ಗಳಿಗೇಲೇ ಆಸೆ ಹೊರಟುಹೋಯ್ತು, ಯಾರೋ ಕೈಯಿಂದ ತೆಗೆದ ಹಾಗೆ."

ಇಡೀ ಕೋಣೆ ಆಮೆನ್ ಎಂದಿತು. ಡೆಲ್ಮರ್ ಕಣ್ಣೊರೆಸಿಕೊಂಡ. ಓಪಲ್ ನನ್ನ ಕೈ ಹಿಡಿದು ಬಿಡಲೇ ಇಲ್ಲ. ನನ್ನ ಮೈಮೇಲಿನ ಹೊಗೆಯ ವಾಸನೆಯೂ ಅವಳ ಮೂಗಿಗೆ ಹತ್ತದ ಕಾಲ ಬಂದಿದೆ ಎಂದು ಆಗ ಗೊತ್ತಾಯಿತು.

ಇವತ್ತು ಯಂತ್ರ ಇರಲಿಲ್ಲ. ಬೇರೆ ಕೌಂಟಿಗೆ ಹೋಗಿದೆಯಂತೆ. "ಮುಂದಿನ ವಾರ ಊದೋಣ, ಮಿಸ್ ಜಿನೀವಾ" ಎಂದಳು ಟ್ಯಾಮ್ರಾ.

ಸೆಪ್ಟೆಂಬರ್ 29, ಶುಕ್ರವಾರ

ಟ್ಯಾಮ್ರಾಗೆ ಫೋನ್ ಮಾಡಿ, ನನ್ನ ಗಂಡನ ತಮ್ಮ ಕೇಳುತ್ತಿದ್ದಾನೆ ಎಂದು ಸುಳ್ಳು ಹೇಳಿ ವಿಚಾರಿಸಿದೆ. ಸೇದಿದ್ದು ಉಸಿರಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು. ಒಂದು ದಿನ ಪೂರ್ತಿ ಬಿಟ್ಟರೆ ಹೆಚ್ಚುಕಮ್ಮಿ ಹೋಗುತ್ತದಂತೆ. ಹಾಗಾದರೆ ಸೋಮವಾರ ಇಲ್ಲ. ಅಷ್ಟೇ ತಾನೆ.

ಇವತ್ತು ಒಂಬತ್ತು.

ಅಕ್ಟೋಬರ್ 3, ಮಂಗಳವಾರ

ನಿನ್ನೆ ಬೆಳಿಗ್ಗೆಯಿಂದ ಇಂದು ಸಂಜೆವರೆಗೆ ಹೇಗೆ ಕಳೆದೆನೋ. ಊದಿದೆ. ನಾಲ್ಕು.

ಓಪಲ್‌ಗೆ ಒಂಬತ್ತು. ಮೂವತ್ತೊಂದರಿಂದ ಒಂಬತ್ತಕ್ಕೆ ಇಳಿದವಳು ಕುಣಿಯಬೇಕಿತ್ತು. ನನ್ನ ನಾಲ್ಕನ್ನು ನೋಡಿ ಅವಳ ಮುಖ ಸಣ್ಣದಾಯಿತು. "ಹೆಂಗೆ ಮಾಡ್ದೆ ಹೇಳೇ" ಎಂದಳು. ಪ್ರಾರ್ಥನೆ ಮಾಡಿದೆ ಎಂದೆ.

ಪ್ರಾರ್ಥನೆಯನ್ನೂ ಎಳೆದು ತಂದೆ. ಥೂ.

ಅಕ್ಟೋಬರ್ 5, ಗುರುವಾರ

ಟ್ಯಾಮ್ರಾ ಇನ್ನು ಮೇಲೆ ಗುರುವಾರ ಶಾಲೆಗೆ ಬರುತ್ತಾಳಂತೆ, ಮಕ್ಕಳ ಲಸಿಕೆಗೆ. ಅಡುಗೆಮನೆಗೆ ಇಣುಕಿ, "ನಿಮ್ಮಿಬ್ಬರದೂ ಒಂದು ಉಸಿರು ಕೊಡಿ" ಎಂದು ಯಂತ್ರ ಚಾಚಿದಳು. ಒಲೆಯಲ್ಲಿ ಬ್ರೆಡ್ ಸೀಯುತ್ತಿದೆ ಎಂದು ಓಡಿದೆ. ಬ್ರೆಡ್ ಇನ್ನೂ ಒಲೆಗೇ ಹೋಗಿರಲಿಲ್ಲ.

ಹಾಗಾಗಿ ಬುಧವಾರವೂ ಇಲ್ಲ.

ಅಕ್ಟೋಬರ್ 9, ಸೋಮವಾರ

ಚಿಕನ್ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮುನ್ನೂರು ಮಕ್ಕಳು ನೀರು ಕುಡಿದು ಮನೆಗೆ ಹೋದರು. ಮನೆಗೆ ಬಂದು ಗಂಡ ಹೋಬರ್ಟ್ ಮೇಲೆ ಕೂಗಾಡಿದೆ. ಪಾಪ, ಅವನು ಚಮಚ ಎಲ್ಲಿದೆ ಎಂದು ಕೇಳಿದ್ದ ಅಷ್ಟೇ.

ಅಕ್ಟೋಬರ್ 12, ಗುರುವಾರ

ಊದಿದೆ: ಮೂರು. ಅದಕ್ಕಿಂತ ಕೆಟ್ಟದ್ದು ಆಮೇಲೆ.

ಪ್ರೆಸ್ಟನ್ ಫೋಟೋ ತೆಗೆಯುವವರನ್ನು ಕರೆದುಕೊಂಡು ಬಂದಿದ್ದರು. ವಿಮೆ ಕಂಪನಿ ಮತ್ತು ಆರೋಗ್ಯ ಇಲಾಖೆ ಸೇರಿ ಈ ಭಾಗದ ನಾಲ್ಕು ಕೌಂಟಿಗೆ ಬೋರ್ಡು ಹಾಕಿಸುತ್ತಾರಂತೆ. ನನ್ನ ಮುಖ, ಕೆಳಗೆ ನನ್ನ ಮಾತು. ಬೇಡ ಎಂದೆ. ಮುಖ ದಪ್ಪಗಿದೆ ಎಂದೆ. ಟ್ಯಾಮ್ರಾ ಕೈ ಹಿಡಿದುಕೊಂಡು, "ನಿಮ್ಮನ್ನ ನೋಡಿ ಒಬ್ಬರು ಬಿಟ್ಟರೂ ಸಾಕಲ್ವಾ, ಮಿಸ್ ಜಿನೀವಾ" ಎಂದಳು. ಆ ಹುಡುಗಿಯ ತಾಯಿ ಸೇದಿ ಸೇದಿ ಬಂದ ಉಸಿರಿನ ಕಾಯಿಲೆಯಲ್ಲಿ ಹೋದದ್ದು. ಇಲ್ಲ ಎನ್ನಲು ಒಂದೇ ಕಾರಣವಿತ್ತು, ಅದನ್ನು ಹೇಳುವ ಧೈರ್ಯವಿರಲಿಲ್ಲ. ಏಪ್ರನ್ ತೆಗೆದು ನಿಂತೆ.

ಇನ್ನು ಶನಿವಾರಗಳಲ್ಲಿ ದಿನಸಿ ಅಂಗಡಿ ಬಾಗಿಲಲ್ಲಿ ಅವರ ಮೇಜಿನ ಹಿಂದೆಯೂ ಕೂರಬೇಕಂತೆ, ಯಂತ್ರ ಇಟ್ಟುಕೊಂಡು. ಶುಕ್ರವಾರವೂ ಹೋಯಿತು, ಶನಿವಾರವೂ ಹೋಯಿತು. ಕಳ್ಳಿಯ ಕ್ಯಾಲೆಂಡರಿನಲ್ಲಿ ಉಳಿದದ್ದು ಮಂಗಳವಾರ ಸಂಜೆ, ಗುರುವಾರ ಸಂಜೆ, ಭಾನುವಾರ.

ಅಕ್ಟೋಬರ್ 20, ಶುಕ್ರವಾರ

ಸೇತುವೆ ದಾಟಿದ ಕೂಡಲೇ ಬೋರ್ಡಿನ ಮೇಲೆ ಇದ್ದೇನೆ, ಲಾರಿಯಷ್ಟು ಅಗಲ. "ಆಸೆಯೇ ಹೊರಟುಹೋಯಿತು. ಜಿನೀವಾ ನೇಪಿಯರ್, ಶಾಲೆಯ ಅಡುಗೆಯವರು." ದಿನಕ್ಕೆ ಎರಡು ಸಲ ಅದರ ಕೆಳಗೇ ಗಾಡಿ ಓಡಿಸಬೇಕು.

ಹೋಬರ್ಟ್‌ಗೆ ಎಲ್ಲ ಗೊತ್ತು. ಗಣಿಯಲ್ಲಿ ಗ್ಯಾಸಿನ ವಾಸನೆ ಹಿಡಿದ ಮೂಗು ಅದು. ಇಷ್ಟು ದಿನ ಒಂದು ಮಾತೂ ಆಡಿರಲಿಲ್ಲ. ಇವತ್ತು ಬೋರ್ಡಿನ ಹತ್ತಿರ ಗಾಡಿ ನಿಧಾನ ಮಾಡಿ, "ಹೆಂಗಸು ಲಕ್ಷಣವಾಗಿದಾಳೆ. ನಿಂಗೆ ಪರಿಚಯನಾ?" ಎಂದ.

ನಗಬೇಕೆಂದುಕೊಂಡೆ. ಮನೆವರೆಗೂ ಕಿಟಕಿ ಕಡೆ ತಿರುಗಿ ಕೂತೆ.

ಅಕ್ಟೋಬರ್ 22, ಭಾನುವಾರ

ಆರಾಧನೆ ಮುಗಿದ ಮೇಲೆ ಎಲ್ಲರೂ ಬಂದು ಅಪ್ಪಿಕೊಳ್ಳುತ್ತಾರೆ, ಕೋಟಿಗೆ ಮುಖ ಒತ್ತುತ್ತಾರೆ. ಇನ್ನು ಭಾನುವಾರವೂ ಆಗುವುದಿಲ್ಲ.

ಅಕ್ಟೋಬರ್ 24, ಮಂಗಳವಾರ

ತರಗತಿಗೆ ಓಪಲ್ ಬರಲಿಲ್ಲ. ಮನೆಗೆ ಬರುವ ಮೊದಲು ಕೊಟ್ಟಿಗೆಗೆ ಹೋಗಿ ಒಂದು ಹಚ್ಚಿದೆ. ಅವಳಿಗೆ ಏನಾಯಿತೋ ಎಂದು ಯೋಚಿಸುತ್ತ ಅರ್ಧಕ್ಕೆ ಆರಿಸಿದೆ.

ಅಕ್ಟೋಬರ್ 25, ಬುಧವಾರ

ಬೆಳಿಗ್ಗೆ ಪಾತ್ರೆ ತೊಟ್ಟಿಯ ಹತ್ತಿರ ಕೇಳಿದೆ. ಓಪಲ್ ತಟ್ಟೆ ಉಜ್ಜುತ್ತಲೇ ಹೇಳಿದಳು.

"ನಾ ಇನ್ ಬರಲ್ಲ ಕಣೇ. ಶುರು ಮಾಡ್ಕೊಂಡೆ, ಮೊದಲಿನ ಹಾಗೇ, ದಿನಕ್ಕೊಂದು ಪ್ಯಾಕು."

"ಒಂಬತ್ತಕ್ಕೆ ಇಳಿದಿದ್ದೆಯಲ್ಲೇ."

"ಇಳ್ದೆ. ಹೆಂಗೆ ಇಳ್ದೆ ಅಂತ ನಂಗೊಬ್ಳಿಗೇ ಗೊತ್ತು. ರಾತ್ರಿಯೆಲ್ಲ ದಿಂಬು ಕಚ್ಕೊಂಡು. ನಿಂಗೆ ಹಂಗೇನೂ ಆಗ್ಲೇ ಇಲ್ಲ. ಬಕೆಟ್ಟಿಗೆ ಹಾಕ್ದೆ, ಮುಗೀತು. ನಂದೇ ಏನೋ ಕೊರತೆ. ನಿನ್ನ ಕೈಯಿಂದ ತೆಗ್ದ ದೇವರು ನನ್ನ ಕೈಯಿಂದ ತೆಗೀಲಿಲ್ಲ ಅಂದ್ರೆ, ನಾನು ಅಷ್ಟಕ್ಕೆ ಲಾಯಕ್ಕಿಲ್ಲ ಅಂತ ತಾನೆ?"

ಕೈಯಲ್ಲಿ ಬ್ರೆಡ್ಡಿನ ತಟ್ಟೆ ಇತ್ತು. ಆಗ ಹೇಳಬಹುದಿತ್ತು. ಮಕ್ಕಳು ಇನ್ನೂ ಬಂದಿರಲಿಲ್ಲ, ನಾವಿಬ್ಬರೇ ಇದ್ದೆವು. ಹತ್ತೊಂಬತ್ತು ವರ್ಷದ ಗೆಳತಿ. ನಾನು "ಬ್ರೆಡ್ ಆರಿಹೋಗುತ್ತೆ" ಎಂದು ಹೊರಗೆ ಹೋದೆ.

ಅಕ್ಟೋಬರ್ 26, ಗುರುವಾರ

ಇವತ್ತೂ ಹೇಳಲಿಲ್ಲ.

ಅಕ್ಟೋಬರ್ 30, ಸೋಮವಾರ

ಪಾತ್ರೆ ತೊಟ್ಟಿಯ ಹತ್ತಿರ ಬೇರೆ ಯಾರನ್ನೋ ನಿಲ್ಲಿಸಿದ್ದಾರೆ. ಶನಿವಾರ ಓಪಲ್‌ಗೆ ಉಸಿರು ಸಿಕ್ಕಿಹಾಕಿಕೊಂಡು ಆಸ್ಪತ್ರೆಗೆ ಒಯ್ದರಂತೆ. ನಾನು ಆ ಹೊತ್ತಿಗೆ ದಿನಸಿ ಅಂಗಡಿ ಬಾಗಿಲಲ್ಲಿ ಕೂತು ಜನರಿಗೆ ನನ್ನ ಉಸಿರು ತೋರಿಸುತ್ತಿದ್ದೆ. ಯಂತ್ರದಲ್ಲಿ ಎರಡು ಬಂದಿತ್ತು, ಜನ ಚಪ್ಪಾಳೆ ತಟ್ಟಿದ್ದರು.

ನನ್ನಷ್ಟು ಹಲ್ಕಾ ಹೆಂಗಸು ಈ ಕಣಿವೆಯಲ್ಲಿ ಇನ್ನೊಬ್ಬಳಿಲ್ಲ.

ನವೆಂಬರ್ 3, ಶುಕ್ರವಾರ

ಓಪಲ್ ಮನೆಗೆ ಬಂದಿದ್ದಾಳೆ, ಆಕ್ಸಿಜನ್ ಸಿಲಿಂಡರಿನ ಜೊತೆ. ಒಂದು ತಿಂಗಳಿಗೆ ಕೊಟ್ಟಿದ್ದಾರಂತೆ. ಸೇದುವುದು ನಿಂತರೆ ವಾಪಸ್ ಕೊಡಬಹುದು, ನಿಲ್ಲದಿದ್ದರೆ ಅದು ಅವಳ ಜೊತೆಗೇ ಗುಂಡಿಯವರೆಗೆ. ಅವಳು ನಳಿಕೆ ತೆಗೆದಿಟ್ಟು ಜಗಲಿಗೆ ಹೋಗಿ ಸೇದುತ್ತಾಳೆ ಎಂದು ಹೋಬರ್ಟ್ ಹೇಳಿದ. ಬೇಯಿಸಿದ ಕಾಳನ್ನು ಅವನ ಕೈಲೇ ಕಳಿಸಿದ್ದೆ. ನಾನು ಹೋಗಲಿಲ್ಲ. ಆ ದಾರಿಯಲ್ಲೂ ಸೇತುವೆ ದಾಟಬೇಕು.

ನವೆಂಬರ್ 5, ಭಾನುವಾರ

ಓಪಲ್‌ಳ ಜಗಲಿಗೆ ಕಟಕಟೆ ಕಟ್ಟಲು ಹೋಬರ್ಟ್‌ಗೆ ಕೋಲು ಬೇಕಿತ್ತು. ತರಲು ಕೊಟ್ಟಿಗೆಗೆ ಹೋದೆ. ತೊಲೆಯ ಮೇಲಿನ ಪ್ಯಾಕನ್ನು ಇಲಿ ಕಡಿದು ಚೂರು ಮಾಡಿದೆ, ಸಿಗರೇಟೆಲ್ಲ ತೇವ ಹಿಡಿದು ಹಳದಿಯಾಗಿವೆ. ಗುಡಿಸಿ ಎಸೆದೆ. ಅಪ್ಪನ ಕೋಲುಗಳು ಮಾತ್ರ ಇನ್ನೂ ಗಟ್ಟಿಯಾಗಿವೆ, ಹನ್ನೆರಡು ಆರಿಸಿ ತಂದೆ.

ಅವನು ಮೊಳೆ ಹೊಡೆಯುವಾಗ ಓಪಲ್ ಕೇಳಿದಳಂತೆ, ಜಿನೀವಾಗೆ ನನ್ನ ಮೇಲೆ ಏನು ಕೋಪ ಎಂದು. ಅವಳ ಮೇಲೆ ನನಗೆ ಕೋಪವಂತೆ.

ನವೆಂಬರ್ 9, ಗುರುವಾರ

ಹೋದೆ. ಹೇಳಿದೆ. ನೆನಪಿರುವಾಗಲೇ ಬರೆಯುತ್ತೇನೆ.

ಅವಳು ಆರಾಮಕುರ್ಚಿಯಲ್ಲಿದ್ದಳು, ಮೂಗಿನಲ್ಲಿ ನಳಿಕೆ. "ನಿನ್ ಗಂಡ ನಾಲ್ಕ್ ಸಲ ಬಂದ. ನಿಂಗೆ ಈಗ ದಾರಿ ಸಿಕ್ತಾ?" ಎಂದಳು.

ಕೋಟು ತೆಗೆಯದೆ ನಿಂತೇ ಹೇಳಿದೆ. "ಆಸೆ ಹೋಗ್ಲಿಲ್ಲ ಓಪಲ್."

"ಯಾವ ಆಸೆ?"

"ಸೇದೋ ಆಸೆ. ಆವತ್ತು ಎದ್ದುನಿಂತು ಹೇಳಿದ್ದು ಸುಳ್ಳು. ಬೋರ್ಡಲ್ಲಿರೋದೂ ಸುಳ್ಳು. ಪಟ್ಟಿ ಅಂಟಿಸಿಕೊಂಡೇ ಅಪ್ಪನ ಕೊಟ್ಟಿಗೇಲಿ ಸೇದ್ತಿದ್ದೆ."

"ಯಂತ್ರ?"

"ಊದೋ ಹಿಂದಿನ ದಿನ ಬಿಡ್ತಿದ್ದೆ."

ಸಿಲಿಂಡರ್ ಬುಸ್ ಬುಸ್ ಎನ್ನುತ್ತಿತ್ತು. ಆಮೇಲೆ ಬಹಳ ಮೆಲ್ಲಗೆ ಮಾತಾಡಿದಳು. ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ.

"ದಿನಾ ನಿನ್ ಹೆಸರು ಹೇಳಿ ದೇವರಿಗೆ ವಂದನೆ ಹೇಳಿದೀನಿ. ಆಮೇಲೆ ಬಚ್ಚಲಿಗೆ ಹೋಗಿ ಕನ್ನಡೀಲಿ ನನ್ ಮುಖಕ್ಕೆ ನಾನೇ ಉಗಿದಿದೀನಿ."

"ಗೊತ್ತು."

"ನಿಂಗೇನೂ ಗೊತ್ತಿಲ್ಲ."

ನಿಜ, ನನಗೇನೂ ಗೊತ್ತಿರಲಿಲ್ಲ. ಹೊರಡೋಣ ಎಂದು ಬಾಗಿಲ ಕಡೆ ತಿರುಗಿದಾಗ ಕೇಳಿದಳು, "ಬಿಡೋ ದಿನ ಹೆಂಗಿರ್ತಿತ್ತು? ಸೋಮವಾರ?"

ಹೇಳಿದೆ. ಕೈ ನಡುಗುತ್ತಿದ್ದದ್ದು, ಗಾಡಿಯಲ್ಲಿ ಕೈಗಳ ಮೇಲೆ ಕೂತುಕೊಳ್ಳುತ್ತಿದ್ದದ್ದು, ಸೀದ ತಟ್ಟೆ ನೋಡಿ ಉಗ್ರಾಣದಲ್ಲಿ ಅತ್ತಿದ್ದು, ಮೂರು ಗಂಟೆ ಆಗುವುದೇ ಇಲ್ಲವೇನೋ ಎನ್ನಿಸುತ್ತಿದ್ದದ್ದು. ಉಪ್ಪಿನ ವಿಷಯಕ್ಕೆ ಬಂದಾಗ ತಡೆದಳು.

"ಆ ಸಾರು ಅದಕ್ಕಾ? ನಾನು ನಿಂಗೆ ಅರಳು ಮರಳು ಶುರುವಾಯ್ತು ಅಂದ್ಕೊಂಡಿದ್ದೆ."

ಅವಳ ತುಟಿ ಒಂಚೂರು ಅಲುಗಿತು, ಮತ್ತೆ ಬಿಗಿಯಾಯಿತು. "ಇಷ್ಟನ್ನ ಆವಾಗ್ಲೇ ಹೇಳಿದ್ರೆ ನಿಂದೇನು ಗಂಟು ಹೋಗ್ತಿತ್ತು?"

ನಾನು ಕೋಟಿನ ಗುಂಡಿ ಹಾಕಿಕೊಂಡೆ.

"ಹೋಗು. ಮಂಗಳವಾರ ಎಲ್ಲಿ ನಿಂತು ಅದನ್ನ ಹೇಳಿದ್ಯೋ ಅಲ್ಲೇ ನಿಂತು ಇದನ್ನ ಹೇಳು. ನಾನು ಬಂದು ಕೇಳ್ತೀನಿ."

ನವೆಂಬರ್ 14, ಮಂಗಳವಾರ

ಬಂದಳು, ಸಿಲಿಂಡರನ್ನು ಗಾಲಿಯ ಮೇಲೆ ಎಳೆದುಕೊಂಡು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಳು.

ಎದ್ದು ಹೇಳಿದೆ, ಯಾವುದನ್ನೂ ಬಿಡದೆ. ಬಕೆಟ್ಟಿಗೆ ಅರ್ಧ ಪ್ಯಾಕ್ ಹಾಕಿದ್ದು, ಗಂಡನ ತಮ್ಮನ ಹೆಸರಲ್ಲಿ ಫೋನ್ ಮಾಡಿದ್ದು ಎಲ್ಲ. ಆಮೆನ್ ಬರಲಿಲ್ಲ. ಮೇಲಿನ ಹಾಲ್‌ನಲ್ಲಿ ಯಾರೋ ಕುರ್ಚಿ ಎಳೆದದ್ದು ಕೇಳಿಸಿತು. ಟ್ಯಾಮ್ರಾ ನೆಲ ನೋಡುತ್ತಿದ್ದಳು. ಅವಳ ಮುಖ ನೋಡುವುದಕ್ಕಿಂತ ಆ ಬಕೆಟ್ಟಿನಲ್ಲಿ ತಲೆ ಮುಳುಗಿಸುವುದು ಮೇಲಾಗಿತ್ತು. ಕೊನೆಗೆ ಡೆಲ್ಮರ್ ಗಂಟಲು ಸರಿಮಾಡಿಕೊಂಡು, "ನಾನೂ ಈಗ ಲಾರಿಲಿ ಒಂದು ಸೇದೇ ಒಳಗೆ ಬಂದೆ" ಎಂದ. ಅವನ ಪಕ್ಕದವಳು ತಾನೂ ಎಂದಳು. ಹಿಂದಿನಿಂದ ಇನ್ನೊಬ್ಬರು.

ನಾನು ತಿರುಗಿ ನೋಡುವಷ್ಟರಲ್ಲಿ ಓಪಲ್ ಹೊರಟುಹೋಗಿದ್ದಳು.

ಎಲ್ಲರೂ ಹೋದ ಮೇಲೆ ಟ್ಯಾಮ್ರಾ ಹೊಸ ಅರ್ಜಿ ತಂದಳು. "ಮೊದಲಿಂದ ಬರೆಯೋಣ, ಮಿಸ್ ಜಿನೀವಾ. ಕೊನೇ ಸಿಗರೇಟು ಯಾವತ್ತು?" ಎಂದು ಕೇಳಿದಳು. ನೆನಪಾಗಲಿಲ್ಲ. ಹೋದ ವಾರ ಇರಬೇಕು ಎಂದೆ. ಮನೆಗೆ ಬಂದು ಈ ಪುಟಗಳನ್ನು ತಿರುವಿದೆ. ಅಕ್ಟೋಬರ್ 24ರ ಅರ್ಧ ಸಿಗರೇಟು ಬಿಟ್ಟರೆ ಮುಂದೆ ಏನೂ ಸಿಗಲಿಲ್ಲ. ಈ ಗಲಾಟೆಯಲ್ಲಿ ಬರೆಯಲು ಮರೆತಿರಬೇಕು. ನನ್ನ ಮಾತನ್ನು ನಾನೇ ನಂಬುವ ಹಾಗಿಲ್ಲ. ಗೊತ್ತಿಲ್ಲ ಎಂದು ಬರೆದುಕೊಳ್ಳಲು ಅವಳಿಗೆ ಹೇಳುತ್ತೇನೆ.

ನವೆಂಬರ್ 16, ಗುರುವಾರ

ಪ್ರೆಸ್ಟನ್ ಫೋನ್ ಮಾಡಿದ್ದರು. ಬೈಯಲಿಲ್ಲ, ಅದೇ ಹಿಂಸೆ. ಬೋರ್ಡು ತೆಗೆಸಿ ಎಂದು ಬೇಡಿಕೊಂಡೆ. ತೆಗೆಸುತ್ತಾರೆ, ಆದರೆ ಏಣಿಯವರು ಬರುವುದು ಜನವರಿಗಂತೆ. ಹೋಬರ್ಟ್, "ಆಯ್ತು ಬಿಡು, ಅಲ್ಲೀವರೆಗೆ ಅವಳನ್ನೂ ಸಾಕೋಣ" ಎಂದ.

ಓಪಲ್‌ಳಿಂದ ಸುದ್ದಿಯಿಲ್ಲ.

ನವೆಂಬರ್ 20, ಸೋಮವಾರ

ಬೆಳಿಗ್ಗೆ ಆರಕ್ಕೆ ಓಪಲ್‌ಳ ಫೋನು.

"ಇವತ್ತು ಸೋಮವಾರ. ಸೋಮವಾರ ನೀನು ಸೇದಲ್ಲ ಅಲ್ವಾ?"

"ಇಲ್ಲ."

"ಬುಧವಾರ?"

"ಬುಧವಾರವೂ ಇಲ್ಲ."

"ಮಿಕ್ಕಿದ ದಿನದ್ದು ನಾನ್ ಕೇಳಿಲ್ಲ. ಕೆಲಸ ಮುಗಿಸಿ ಸೀದಾ ಬಾ. ಸೋಮವಾರ ಒಂದನ್ನ ಮಾಡಿ ನೋಡೋಣ. ಒಬ್ಳಿಂದ ಆಗಲ್ಲ. ನಿನ್ನ ಕ್ಷಮಿಸಿದೀನಿ ಅಂತ ಅಂದ್ಕೋಬೇಡ."

ಅಂದುಕೊಳ್ಳಲಿಲ್ಲ. ಎರಡೂವರೆಗೆ ಏಪ್ರನ್ ಬಿಚ್ಚಿ ನೇರ ಹೋದೆ. ಬೋರ್ಡಿನ ಕೆಳಗೆ ಹಾದಾಗ ತಲೆ ಎತ್ತಲಿಲ್ಲ. ಓಪಲ್ ಹೊಸ ಕಟಕಟೆ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದಳು, ನಳಿಕೆ ಮೂಗಿನಲ್ಲೇ ಇತ್ತು. ನಾನು ನನ್ನ ಕೈಗಳ ಮೇಲೆ ಕೂತೆ. ಸ್ವಲ್ಪ ಹೊತ್ತು ನೋಡಿ ಅವಳೂ ಹಾಗೇ ಕೂತಳು.

"ಗಂಟೆ ಎಷ್ಟು?" ಎಂದಳು.

"ಮೂರು."

"ಇನ್ನೂ ಮೂರಾ? ಸುಳ್ ಹೇಳ್ತಿಲ್ಲ ತಾನೆ?"

"ಇಲ್ಲ" ಎಂದೆ. ಅವಳು ನನ್ನ ಮಣಿಕಟ್ಟನ್ನು ಎಳೆದು, ಗಡಿಯಾರವನ್ನು ತಾನೇ ನೋಡಿದಳು.